ಫ್ಯೂಸ್ ಎಷ್ಟರದು ಐತೆ ನೋಡು

"ಡಬ್ಬಿ ಮ್ಯಾಲೆ 2000 ವ್ಯಾಟ್ ಅಂತ ಬರದೈತಲ್ಲಣ್ಣ?"

"ಡಬ್ಬಿ ಬಿಡಪ್ಪಾ. ಹಿಂದಕ್ಕೆ ತಿರುಗಿಸು. ಫ್ಯೂಸ್ ಎಷ್ಟರದು ಐತೆ ನೋಡು."

ಬಳ್ಳಾರಿಯ ಕೌಲ್ ಬಜಾರ್ ಕಡೆಯ ಒಂದು ಕಾರ್ ಡೆಕೋರ್ ಅಂಗಡಿಯಲ್ಲಿ ಮೊನ್ನೆ ಕೇಳಿದ, ಕಾರ್ ಸ್ಪೀಕರಿನ ಸದ್ದು ಹೆಚ್ಚಿಸುವ ಆಂಪ್ (ಆಂಪ್ಲಿಫೈಯರ್) ಕೊಳ್ಳಲು ಬಂದ ಹುಡುಗನದೊಂದು, ಫಿಟ್ಟಿಂಗ್ ಮಾಡುವ ಹಿರಿಯರದೊಂದು, ಈ ಎರಡು ಮಾತು ಇನ್ನೂ ಕಿವಿಯಲ್ಲೇ ಇವೆ. ಹುಡುಗ ಆಂಪ್ ತಿರುಗಿಸಿದ. ವೈರ್ ಸಿಕ್ಕಿಸುವ ಜಾಗದ ಪಕ್ಕ ಬಣ್ಣವಿಲ್ಲದ ಒಂದೇ ಒಂದು ಫ್ಯೂಸ್, ಅದರ ತಲೆಯ ಮೇಲೆ 25. ಮುಂದೆ ಬೆಂಕಿಯ ಚಿತ್ರದೊಳಗೆ ಎರಡು ಸಾವಿರ, ಹಿಂದೆ ಉಗುರಿನಷ್ಟು ಪ್ಲಾಸ್ಟಿಕ್.

ಲೆಕ್ಕ ಬಾಯಲ್ಲೇ ಮುಗಿಯುತ್ತದೆ. ಇಂಜಿನ್ ಓಡುವಾಗ ಸುಮಾರು 13.5 ವೋಲ್ಟ್. 25 ಆಂಪಿಯರ್‌ನಿಂದ ಗುಣಿಸಿದರೆ ಒಳಗೆ ಹೋಗುವುದು 337 ವ್ಯಾಟ್. ಅದು ಎಬಿ ಕ್ಲಾಸ್ ಅನ್ನುವ ಬಗೆಯ ಆಂಪ್ ಆದ್ದರಿಂದ ಹತ್ತಿರ ಹತ್ತಿರ ಅರ್ಧ ಬಿಸಿಯಾಗಿ ಹೋಗುತ್ತದೆ. ಸಬ್‌ಗೆ, ಅಂದರೆ ಬಾಸ್ ಸದ್ದಿನ ದೊಡ್ಡ ಸ್ಪೀಕರಿಗೆ, ಸಿಗುವುದು 200ರ ಒಳಗೆ. ನಿಜವಾಗಿ 2000 ವ್ಯಾಟ್ ಬೇಕೆಂದರೆ ಕಡಿಮೆ ಬಿಸಿಯಾಗುವ ಡಿ ಕ್ಲಾಸ್‌ನಲ್ಲೂ 180 ಆಂಪಿಯರ್ ದಾಟುತ್ತದೆ. ಸಣ್ಣ ಕಾರಿನ ಆಲ್ಟರ್ನೇಟರ್ ಅಷ್ಟನ್ನು ಎಲ್ಲಿಂದ ತರಬೇಕು?

ಅಂಗಡಿಯಲ್ಲಿ ಮಾರುವವನಿಗೆ ಸಿಟ್ಟು ಬಂತು. ಅವನದು ಸುಳ್ಳೂ ಅಲ್ಲ, ಸಂಖ್ಯೆಯ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ 'ಮ್ಯಾಕ್ಸ್' ಅಂತ ಇತ್ತು. ನನಗೆ ಬೇಸರವಾಗಿದ್ದು ಕೊಳ್ಳುವವನ ಜೊತೆ ಬಂದಿದ್ದ ಗೆಳೆಯನ ಮೇಲೆ. "ಜಾಸ್ತಿ ವ್ಯಾಟ್‌ದೇ ತಗೊಳ್ಲೇ" ಅನ್ನುವುದು ಬಿಟ್ಟರೆ ಅವನ ಬಾಯಲ್ಲಿ ಬೇರೆ ಮಾತಿಲ್ಲ. ಅದಿರು ಲಾರಿ ಎಷ್ಟು ಟನ್ ಹೊರುತ್ತದೆಂದು ಕೇಳಿದರೆ ಚಕ್ರ ಎಣಿಸುವ ಊರು ಇದು. ಆಂಪ್ ವಿಷಯಕ್ಕೆ ಬಂದಾಗ ಮಾತ್ರ ಬಣ್ಣದಲ್ಲಿ ಬರೆದಿದ್ದನ್ನು ಯಾಕೆ ನಂಬುತ್ತೇವೋ!

ಫಿಟ್ಟಿಂಗ್ ಮಾಡುವ ಆ ಹಿರಿಯರು ಮಾತಾಡುವಾಗ ತಲೆ ಎತ್ತುವುದಿಲ್ಲ, ಸ್ವಲ್ಪ ಒರಟು. ಆದರೆ ಕೇಳಿದ್ದು ಸರಿಯಾದ ಪ್ರಶ್ನೆ: "ಸಬ್ ಕಾಯಿಲ್ ಒಂದಾ, ಎರಡಾ?" ಹುಡುಗನಿಗೆ ಗೊತ್ತಿರಲಿಲ್ಲ. ಡಿಕ್ಕಿ ತೆಗೆದು ನೋಡಿದರೆ 12 ಇಂಚಿನದು, 300 ಆರ್‌ಎಂಎಸ್ (ಎಡೆಬಿಡದೆ ತಾಳುವ ವ್ಯಾಟ್), 4 ಓಮ್‌ನ ಎರಡು ಕಾಯಿಲ್, ಅಂದರೆ ಒಳಗಿನ ತಂತಿ ಸುರುಳಿ. ಎರಡನ್ನೂ ಪ್ಯಾರಲಲ್ ಮಾಡಿದರೆ 2 ಓಮ್, ಸೀರೀಸ್ ಮಾಡಿದರೆ 8. ಅಗ್ಗದ ಎರಡು ಚಾನೆಲ್ ಆಂಪ್‌ಗಳನ್ನು ಬ್ರಿಡ್ಜ್ ಮಾಡಿದಾಗ, ಅಂದರೆ ಎರಡೂ ಚಾನೆಲ್ ಸೇರಿಸಿ ಒಂದೇ ಸಬ್‌ಗೆ ಕೊಟ್ಟಾಗ, ಸಾಮಾನ್ಯವಾಗಿ 4 ಓಮ್‌ಗಿಂತ ಕೆಳಗೆ ತಾಳುವುದಿಲ್ಲ. 2 ಓಮ್ ಕೊಟ್ಟರೆ ಕೆಂಪು ದೀಪ ಹತ್ತಿ ಬಂದ್ ಆಗುತ್ತದೆ, 8 ಕೊಟ್ಟರೆ ಸದ್ದೇ ಏಳುವುದಿಲ್ಲ. ಹಾಗಾಗಿ ಈ ಸಬ್‌ಗೆ ಬೇಕಾದ್ದು '2 ಓಮ್‌ಗೆ 300 ವ್ಯಾಟ್ ಆರ್‌ಎಂಎಸ್' ಎಂದು ಸ್ಪಷ್ಟವಾಗಿ ಬರೆದಿರುವ ಡಿ ಕ್ಲಾಸ್ ಮೋನೋಬ್ಲಾಕ್, ಅಂದರೆ ಒಂದೇ ಚಾನೆಲ್‌ನ ಆಂಪ್. ಅದರಲ್ಲೂ ಫ್ಯೂಸ್ ನೋಡಿಯೇ ಕೊಳ್ಳಬೇಕು. 30 ಆಂಪಿಯರ್‌ನ ಹಸಿರು ಒಂದೋ, 20ರ ಹಳದಿ ಎರಡೋ ಇದ್ದರೆ ಮಾತು ನಂಬಬಹುದು. ಮುಂದೆ 1000 ಅಂತ ಬರೆದಿರಲಿ, 500 ಅಂತ ಬರೆದಿರಲಿ.

ಆಂಪ್‌ನಲ್ಲಿ ಉಳಿದ ದುಡ್ಡನ್ನು ವೈರಿಗೆ ಹಾಕಬೇಕು. ಹಿರಿಯರು ಕಿಟ್‌ನ ವೈರಿನ ಒಂದು ಎಳೆಯನ್ನು ಬ್ಲೇಡಿನಿಂದ ಮೆಲ್ಲಗೆ ಹೆರೆದರು. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ! ಈ 300 ವ್ಯಾಟಿಗೆ ಅಪ್ಪಟ ತಾಮ್ರವಾದರೆ 8 ಗೇಜ್ ಸಾಕು, ಇಂಥದ್ದಾದರೆ ಇನ್ನೂ ದಪ್ಪದ 4 ಗೇಜ್ ಹಾಕಬೇಕು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಒಂದು ಫ್ಯೂಸ್ ಇರಲೇಬೇಕು. ಅದು ಆಂಪ್‌ಗಲ್ಲ, ವೈರ್ ಎಲ್ಲಾದರೂ ಕಾರಿನ ತಗಡಿಗೆ ಉಜ್ಜಿ ಶಾರ್ಟ್ ಆದರೆ ಕಾರು ಸುಡದಿರಲಿ ಅಂತ. ಪವರ್ ವೈರ್ ಒಂದು ಬದಿಯಲ್ಲಿ, ಸ್ಟೀರಿಯೋದಿಂದ ಆಂಪ್‌ಗೆ ಹಾಡು ತರುವ ಆರ್‌ಸಿಎ ವೈರ್ ಇನ್ನೊಂದು ಬದಿಯಲ್ಲಿ ಹೋಗಲಿ. ಜೊತೆಗೆ ಎಳೆದರೆ ಇಂಜಿನ್ ಏರಿದಂತೆ ಸ್ಪೀಕರಿನಲ್ಲಿ ಕುಯ್ಯೋ ಅನ್ನುವ ಸದ್ದು ಬರಬಹುದು.

ಸಬ್ ಸುಟ್ಟಾಗ ಎಲ್ಲರೂ ಆಂಪ್‌ಗೆ ಬೈಯುತ್ತಾರೆ. ಸಣ್ಣ ಆಂಪ್ ಸಬ್ಬನ್ನು ಸುಡುವುದಿಲ್ಲ. ಅದರಿಂದ ದೊಡ್ಡ ಸದ್ದು ಹಿಂಡಲು ಗೇನ್ ಪೂರ್ತಿ ತಿರುಗಿಸುತ್ತಾರಲ್ಲ, ಆಗ ಸದ್ದಿನ ಅಲೆಯ ತಲೆ ಕತ್ತರಿಸಿಹೋಗಿ ಕಾಯಿಲ್ ಕಾದು ಸುಡುತ್ತದೆ. ಗೇನ್ ಅಂದರೆ ವಾಲ್ಯೂಮ್ ಅಲ್ಲ, ಸ್ಟೀರಿಯೋದ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಪು. ಸಬ್ ವೈರ್ ಬಿಚ್ಚಿ, ಬಾಸ್ ಬೂಸ್ಟ್ ಸೊನ್ನೆ ಮಾಡಿ, ಸ್ಟೀರಿಯೋ ಮುಕ್ಕಾಲು ಭಾಗ ಏರಿಸಿ, 50 ಹರ್ಟ್ಸ್‌ನ ಟೋನ್ ಹಾಕಿ. ಮಲ್ಟಿಮೀಟರ್ ಎಸಿ ವೋಲ್ಟ್‌ನಲ್ಲಿಟ್ಟು ಆಂಪ್‌ನ ಔಟ್‌ಪುಟ್ ನೋಡಿ. 300 ವ್ಯಾಟನ್ನು 2 ಓಮ್‌ನಿಂದ ಗುಣಿಸಿದರೆ 600, ಅದರ ವರ್ಗಮೂಲ 24.5. ಗೇನ್ ಮೆಲ್ಲಗೆ ಏರಿಸುತ್ತಾ ಅಷ್ಟು ವೋಲ್ಟ್ ಬಂದಲ್ಲಿಗೆ ನಿಲ್ಲಿಸಿ. ಮೇಲಿನ ಸದ್ದನ್ನು ಸಬ್‌ಗೆ ಹೋಗದಂತೆ ತಡೆಯುವ ಲೋ ಪಾಸ್ ಫಿಲ್ಟರ್ 80 ಹರ್ಟ್ಸ್‌ನ ಆಸುಪಾಸು ಇರಲಿ.

ನಮ್ಮ ಕಡೆಯ ಬಿಸಿಲಿಗೆ ಆಂಪ್ ಮೇಲೆ ಮ್ಯಾಟ್ ಹೊದಿಸಬೇಡಿ, ಸಂದೂರು ದಾರಿಯ ಕೆಂಧೂಳು ತುಂಬುವ ಜಾಗದಲ್ಲೂ ಬೇಡ.

ಕೊನೆಗೆ ಅರ್ಥ್ ವೈರ್. ಹಿರಿಯರು ಡಿಕ್ಕಿಯ ಕಾರ್ಪೆಟ್ ಎತ್ತಿ, ಆಂಪ್‌ನಿಂದ ಒಂದು ಮೊಳದೊಳಗೆ ಬಾಡಿಯ ಬಣ್ಣವನ್ನು ಉಪ್ಪು ಕಾಗದದಿಂದ ಉಜ್ಜತೊಡಗಿದರು. ಹುಡುಗನ ಮುಖ ಸಣ್ಣದಾಯಿತು.

"ಬಣ್ಣ ಕೆರೆದ್ರೆ ತುಕ್ಕು ಹಿಡಿಯಲ್ಲೇನಣ್ಣ?"

"ಬೋಲ್ಟ್ ಬಿಗಿ ಮಾಡಿ ಮ್ಯಾಲೆ ಗ್ರೀಸ್ ಹಚ್ತೀನಿ. ಅತ್ತಾಗ ಸರಿ, ಬೆಳಕು ಬರ್ಲಿ."