ಕೊಂಪನಿ ಇನ್ನೊಂದು ವರ್ಷ ಯಾಕೆ ಉಳಿಯಲಿಲ್ಲ?

ನಾನು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಸಿಟಿಯ ಅಭಿಮಾನಿ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ. "ಅಷ್ಟು ಚೆನ್ನಾಗಿ ಆಡ್ತಿದ್ದಾಗಲೇ ಕೊಂಪನಿ ಯಾಕೆ ಬಿಟ್ಟು ಹೋದ್ರು? ಕ್ಲಬ್ಬೇ ಕಳಿಸಿತಾ?" ಪ್ರಶ್ನೆ ಸಹಜವೇ. 2019ರ ಮೇ 18ರಂದು ಸಿಟಿಯ ಕ್ಯಾಪ್ಟನ್, ಬೆಲ್ಜಿಯಂನ ಡಿಫೆಂಡರ್ ವಿನ್ಸೆಂಟ್ ಕೊಂಪನಿ ಎಫ್‌ಎ ಕಪ್ ಎತ್ತಿದರು. ಫೈನಲ್‌ನಲ್ಲಿ ವಾಟ್‌ಫರ್ಡ್ ವಿರುದ್ಧ 6–0 ಗೆಲುವು. ಮರುದಿನವೇ ಕ್ಲಬ್ ಬಿಡುತ್ತೇನೆ ಎಂದು ಪತ್ರ ಬರೆದರು. ಆ ಒಂದೇ ಸೀಸನ್‌ನಲ್ಲಿ ಲೀಗ್, ಎಫ್‌ಎ ಕಪ್, ಲೀಗ್ ಕಪ್ ಮೂರೂ ಸಿಟಿಯ ಪಾಲಾಗಿದ್ದವು. ಇಂಗ್ಲೆಂಡಿನ ಪುರುಷರ ಫುಟ್‌ಬಾಲ್‌ನಲ್ಲಿ ಅದುವರೆಗೆ ಯಾರೂ ಅದನ್ನು ಮಾಡಿರಲಿಲ್ಲ.

ನನ್ನ ಉತ್ತರ ಇದು: ಅವರು ಚೆನ್ನಾಗಿ ಆಡುತ್ತಿದ್ದರು ನಿಜ, ಆದರೆ ಜಾಸ್ತಿ ಆಡುತ್ತಿರಲಿಲ್ಲ. ನಮಗೆ ನೆನಪಿರುವುದು ಕೊನೆಯ ಕೆಲವು ವಾರಗಳು ಮಾತ್ರ. ಅದರ ಹಿಂದಿನ ವರ್ಷಗಳನ್ನು ನೋಡದಿದ್ದರೆ ಆ ತೀರ್ಮಾನ ಅರ್ಥವಾಗುವುದಿಲ್ಲ.

ಕೊಂಪನಿ ಸಿಟಿಗೆ ಬಂದದ್ದು 2008ರ ಆಗಸ್ಟ್‌ನಲ್ಲಿ, ಹ್ಯಾಂಬರ್ಗ್‌ನಿಂದ. ಅಬುಧಾಬಿಯವರು ಕ್ಲಬ್ ಕೊಂಡು ಹಣ ಸುರಿಯುವುದಕ್ಕೆ ಕೆಲವೇ ದಿನ ಮೊದಲು. 2011ರಲ್ಲಿ ಕ್ಯಾಪ್ಟನ್ ಆದರು. 2012ರ ಏಪ್ರಿಲ್ 30ರಂದು ಅದೇ ಊರಿನ ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಅವರು ತಲೆಯಿಂದ ಹೊಡೆದ ಗೋಲಿನಿಂದಲೇ ಸಿಟಿ ಮತ್ತೆ ಲೀಗಿನ ತುದಿಗೆ ಬಂತು. ಆಮೇಲೆ ಮೀನಖಂಡದ ಕಾಟ ಶುರುವಾಯಿತು. ಒಂದು ಗಾಯ ವಾಸಿಯಾಗುವಷ್ಟರಲ್ಲಿ ಇನ್ನೊಂದು. 2016ರಲ್ಲಿ ಮ್ಯಾಡ್ರಿಡ್‌ನಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ನಡೆದಾಗ ಹತ್ತೇ ನಿಮಿಷಕ್ಕೆ ಕುಂಟುತ್ತಾ ಹೊರಬಂದರು. ಆ ಬೇಸಿಗೆಯ ಯೂರೋ ಟೂರ್ನಿಯೂ ತಪ್ಪಿತು. ಬೆಲ್ಜಿಯಂಗೂ ಅವರೇ ಕ್ಯಾಪ್ಟನ್ ಆಗಿದ್ದವರು. ಆಗ ಅವರಿಗೆ ವಯಸ್ಸು ಬರೀ 30.

ಮುಗಿದೇ ಹೋದರು ಎಂದು ಜನ ಅಂದುಕೊಂಡದ್ದು ಆಗಲೇ. ಕೋಚ್ ಆಗಿ ಗ್ವಾರ್ಡಿಯೋಲ ಬಂದ ಮೇಲೆ ಸ್ಟೋನ್ಸ್, ಲಪೋರ್ಟ್‌ರಂಥ ಚಿಕ್ಕ ವಯಸ್ಸಿನ ಡಿಫೆಂಡರ್‌ಗಳೂ ಬಂದರು. ಕೊಂಪನಿ ಲೀಗಿನ ಅರ್ಧ ಪಂದ್ಯಗಳಿಗೂ ಸಿಗುತ್ತಿರಲಿಲ್ಲ. ಆದರೆ ಸಿಕ್ಕಿದಾಗ ಆಡಿದ ರೀತಿ ನೋಡಿ. 2018ರ ಲೀಗ್ ಕಪ್ ಫೈನಲ್‌ನಲ್ಲಿ ಆರ್ಸೆನಲ್ ವಿರುದ್ಧ ಗೋಲು ಹೊಡೆದು ಪಂದ್ಯದ ಶ್ರೇಷ್ಠ ಆಟಗಾರ ಎನಿಸಿಕೊಂಡರು. 2019ರ ಜನವರಿಯಲ್ಲಿ ಲಿವರ್‌ಪೂಲ್ ಬಂದಾಗಲೂ ಡಿಫೆನ್ಸ್‌ನ ನಡುವೆ ನಿಂತವರು ಅವರೇ. ಇಡೀ ಸೀಸನ್ ಓಡಲು ಆಗದ ದೇಹವನ್ನು ದೊಡ್ಡ ದಿನಗಳಿಗೆ ಕೂಡಿಟ್ಟುಕೊಂಡಂತೆ ಆಡಿದರು.

2019ರ ಮೇ 6ರ ಲೀಗ್ ಪಂದ್ಯದ ಬಗ್ಗೆ ಸ್ವಲ್ಪ ಹೇಳಲೇಬೇಕು. ಲಿವರ್‌ಪೂಲ್ 94 ಅಂಕ, ಸಿಟಿ 92. ಸಿಟಿಗೆ ಉಳಿದದ್ದು ಎರಡೇ ಪಂದ್ಯ. ಎದುರಿಗೆ ಲೆಸ್ಟರ್. 70 ನಿಮಿಷವಾದರೂ ಗೋಲಿಲ್ಲ. ಚೆಂಡು ಕೊಂಪನಿ ಕಾಲಿಗೆ ಬಂತು, ಮುಂದೆ ಖಾಲಿ ಜಾಗ. ಲೆಸ್ಟರ್ ಆಟಗಾರರು ಬೇಕಂತಲೇ ಜಾಗ ಬಿಟ್ಟಿದ್ದರು ಅಂತ ನನಗೆ ಈಗಲೂ ಅನಿಸುತ್ತದೆ. ಅಷ್ಟು ದೂರದಿಂದ ಸೆಂಟರ್ ಬ್ಯಾಕ್, ಅಂದರೆ ಡಿಫೆನ್ಸ್‌ನ ನಡುವೆ ಆಡುವವನು, ಹೊಡೆಯುತ್ತಾನೆ ಅಂತ ಯಾರು ತಾನೇ ಅಂದುಕೊಳ್ಳುತ್ತಾರೆ? ಜೊತೆಯ ಆಟಗಾರರೇ "ಹೊಡೀಬೇಡ" ಎಂದು ಕೂಗಿದರಂತೆ. ಸೈಡ್‌ಲೈನ್‌ನಲ್ಲಿದ್ದ ಗ್ವಾರ್ಡಿಯೋಲ ಮನಸ್ಸಿನಲ್ಲಿದ್ದದ್ದೂ ಅದೇ. ಕೊಂಪನಿ ಹೊಡೆದರು. ಚೆಂಡು ಮೇಲಿನ ಮೂಲೆಗೆ ನುಗ್ಗಿತು. ಲೆಸ್ಟರ್ ಗೋಲ್‌ಕೀಪರ್ ಶ್ಮೈಕೆಲ್ ಎಷ್ಟು ಹಾರಿದರೂ ಸಿಗಲಿಲ್ಲ. ಪಂದ್ಯ 1–0. ಮುಂದಿನ ವಾರ ಬ್ರೈಟನ್‌ನಲ್ಲೂ ಗೆದ್ದು ಸಿಟಿ 98ಕ್ಕೆ ಮುಟ್ಟಿತು, ಲಿವರ್‌ಪೂಲ್ 97ಕ್ಕೆ ನಿಂತಿತು. ಆ ಒಂದು ಹೊಡೆತ ಇಲ್ಲದಿದ್ದರೆ ಲೀಗ್ ಲಿವರ್‌ಪೂಲ್‌ಗೇ ಹೋಗುತ್ತಿತ್ತು.

ಅಂಥ ಗೋಲು ಹೊಡೆದವರು ಹೋಗುವುದೇ? ನನ್ನ ಪ್ರಕಾರ ಅದೇ ಹೋಗುವ ಹೊತ್ತು. ಕ್ಲಬ್ ಜೊತೆಗಿನ ಒಪ್ಪಂದವೂ ಆ ಬೇಸಿಗೆಗೆ ಮುಗಿಯುವುದಿತ್ತು. 11 ಸೀಸನ್, 360 ಪಂದ್ಯ, ನಾಲ್ಕು ಲೀಗ್ ಕಪ್ ಸೇರಿ ಹತ್ತು ದೊಡ್ಡ ಪ್ರಶಸ್ತಿ. ಉಳಿದಿದ್ದರೆ ಬೆಂಚ್ ಮೇಲೆ ಕೂತು, ಮುಂದಿನ ಗಾಯ ಯಾವಾಗ ಅಂತ ಎಣಿಸಬೇಕಿತ್ತು. ಇನ್ನೊಂದು ಕಡೆ ಆಂಡರ್ಲೆಕ್ಟ್ ಕರೆದಿತ್ತು. ಚಿಕ್ಕ ಹುಡುಗನಾಗಿದ್ದಾಗ ಆಟ ಕಲಿತ ಕ್ಲಬ್ ಅದು, ಹುಟ್ಟಿದ ಬ್ರಸೆಲ್ಸ್‌ನದೇ. ಅಲ್ಲಿ ಆಟಗಾರನೂ ಅವರೇ, ಕೋಚ್ ಕೂಡ ಅವರೇ. ಆಡುತ್ತಿದ್ದಾಗಲೇ ಮ್ಯಾಂಚೆಸ್ಟರ್‌ನಲ್ಲಿ ಎಂಬಿಎ ಓದಿ ಮುಗಿಸಿದ ಮನುಷ್ಯ ಇವರು. ಮುಂದೇನು ಎಂಬ ಯೋಚನೆ ಅವರಿಗೆ ಯಾವತ್ತೋ ಶುರುವಾಗಿತ್ತು. ಸಿಟಿ ಅವರನ್ನು ಓಡಿಸಲಿಲ್ಲ. 2021ರಲ್ಲಿ ಸ್ಟೇಡಿಯಂ ಹೊರಗೆ ಅವರ ಪ್ರತಿಮೆ ನಿಲ್ಲಿಸಿದ ಕ್ಲಬ್ ಅದು.

ಆಂಡರ್ಲೆಕ್ಟ್‌ನಲ್ಲಿ ಎಲ್ಲ ಸಲೀಸಾಗಿ ನಡೆಯಲಿಲ್ಲ. ಮೊದಲ ನಾಲ್ಕು ಲೀಗ್ ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. ಪಂದ್ಯದ ದಿನದ ಕೋಚ್ ಕೆಲಸವನ್ನು ಬೇರೆಯವರಿಗೆ ಕೊಟ್ಟು ಮೈದಾನದಲ್ಲಿ ಕ್ಯಾಪ್ಟನ್ ಆಗಿ ಮಾತ್ರ ಆಡಿದರು. 2020ರ ಆಗಸ್ಟ್‌ನಲ್ಲಿ ಆಟವನ್ನೇ ಬಿಟ್ಟು ಪೂರ್ತಿ ಕೋಚ್ ಆದರು. ಆಮೇಲೆ ಇಂಗ್ಲೆಂಡಿನ ಬರ್ನ್ಲಿಗೆ ಕೋಚ್, ಆಮೇಲೆ ಜರ್ಮನಿಯ ಬಯರ್ನ್ ಮ್ಯೂನಿಕ್‌ಗೆ. 2025ರಲ್ಲಿ ಅಲ್ಲಿನ ಲೀಗ್ ಬುಂಡೆಸ್ಲಿಗಾ ಗೆದ್ದರು.

ಇದನ್ನೆಲ್ಲ ಹೇಳಿದ ಮೇಲೂ ಕೆಲವರು ಬಿಡುವುದಿಲ್ಲ. "ಅವರು ಇದ್ದಿದ್ದರೆ 2020ರ ಲೀಗ್ ಕೈತಪ್ಪುತ್ತಿರಲಿಲ್ಲ ಅಲ್ವಾ?" ಅಂತಾರೆ. ಲೆಕ್ಕ ನೋಡಿದರೆ ಹಾಗೇ ಅನಿಸುತ್ತದೆ. ಹಿಂದಿನ ಸೀಸನ್‌ನಲ್ಲಿ ಸಿಟಿ ಬಿಟ್ಟುಕೊಟ್ಟದ್ದು 23 ಗೋಲು, ಅವರು ಹೋದ ಮೇಲೆ 35. ಸೋಲು ನಾಲ್ಕರಿಂದ ಒಂಬತ್ತಕ್ಕೆ ಏರಿತು. ಲಿವರ್‌ಪೂಲ್ 18 ಅಂಕಗಳಿಂದ ಗೆದ್ದಿತು. ಆದರೆ 2019ರ ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕೊಂಪನಿಗಾಗಿಯೇ ಗೌರವದ ಪಂದ್ಯ ಏರ್ಪಡಿಸಿದ್ದರು. ಅದರ ಹಣ ಊರಿನ ಮನೆಯಿಲ್ಲದವರಿಗೆ ಹೋಗಬೇಕಿತ್ತು. ತೊಡೆಯ ಸ್ನಾಯು ನೋವಿನಿಂದ ಆ ಪಂದ್ಯವನ್ನೂ ಅವರಿಗೆ ಆಡಲಾಗಲಿಲ್ಲ. ಸ್ನೇಹದ ಪಂದ್ಯಕ್ಕೇ ಒಗ್ಗದ ಕಾಲು ಲಿವರ್‌ಪೂಲ್ ಜೊತೆ ಇಡೀ ವರ್ಷ ಹೇಗೆ ಓಡುತ್ತಿತ್ತು?

ತಪ್ಪು ಕ್ಲಬ್ಬಿನದು ಅಂತ ನಾನು ಹೇಳುತ್ತೇನೆ, ಆದರೆ ಅವರನ್ನು ಬಿಟ್ಟುಕೊಟ್ಟದ್ದಕ್ಕಲ್ಲ. ಅವರ ಜಾಗಕ್ಕೆ ಆ ಬೇಸಿಗೆಯಲ್ಲೇ ಒಬ್ಬ ಸೆಂಟರ್ ಬ್ಯಾಕ್‌ನನ್ನು ತರಲಿಲ್ಲ. ಆಗಸ್ಟ್ ಕೊನೆಗೆ ಲಪೋರ್ಟ್ ಮಂಡಿಗೆ ಪೆಟ್ಟಾದಾಗ ಮಿಡ್‌ಫೀಲ್ಡರ್ ಫರ್ನಾಂಡಿನ್ಯೋ ಹಿಂದೆ ನಿಂತು ಆಡಬೇಕಾಯಿತು. ಹೊಸ ಸೆಂಟರ್ ಬ್ಯಾಕ್ ರೂಬೆನ್ ಡಿಯಾಸ್ ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆ ಸೀಸನ್‌ನಲ್ಲಿ ಸಿಟಿ ಮತ್ತೆ ಲೀಗ್ ಗೆದ್ದಿತು.