ರಿಲೇ ಸಮೀಕರಣಗಳಲ್ಲಿ ಮೋಟಾರಿನ ಉಷ್ಣ ಮಾದರಿ: ಕೆಲಸ ಎಲ್ಲಿಗೆ ಬಂತು

ರಿಲೇಯಲ್ಲಿ (ಪ್ರವಾಹವನ್ನು ಗಮನಿಸಿ ಮೋಟಾರನ್ನು ಕಾಯುವ ಸಾಧನ) ಸಿದ್ಧವಾಗಿರುವ ಓವರ್‌ಲೋಡ್ ರಕ್ಷಣೆಯನ್ನು ಬದಿಗಿಟ್ಟು, ಮೋಟಾರಿನ ಉಷ್ಣ ಮಾದರಿಯನ್ನು, ಅಂದರೆ ಅದು ಎಷ್ಟು ಬಿಸಿಯಾಗಿದೆ ಎಂದು ಪ್ರವಾಹದಿಂದ ಅಂದಾಜಿಸುವ ಲೆಕ್ಕವನ್ನು, ರಿಲೇಯ ನಿಯಂತ್ರಣ ಸಮೀಕರಣಗಳಲ್ಲೇ ಬರೆಯುವ ಕೆಲಸ ಈಗ ಮೇಜಿನ ಮೇಲೆ ಓಡುವ ಹಂತಕ್ಕೆ ಬಂದಿದೆ. ಬ್ರೇಕರ್‌ಗೆ (ಮೋಟಾರಿನ ವಿದ್ಯುತ್ ಕಡಿಯುವ ಸ್ವಿಚ್) ಇನ್ನೂ ಜೋಡಿಸಿಲ್ಲ.

ಮಾದರಿಯ ಜೀವ ಒಂದೇ ಸಾಲಿನಲ್ಲಿದೆ:

ಹೊಸ ಉಷ್ಣಮಟ್ಟ = ಹಳೆಯ ಉಷ್ಣಮಟ್ಟ + ಗುಣಕ × (ಪ್ರವಾಹದ ವರ್ಗ − ಹಳೆಯ ಉಷ್ಣಮಟ್ಟ)

ಪ್ರವಾಹವನ್ನು ಮೋಟಾರ್ ನಿರಂತರವಾಗಿ ತಾಳಬಲ್ಲ ಪ್ರವಾಹದಿಂದ ಭಾಗಿಸಿ ಅಳೆಯುತ್ತೇನೆ. ಉಷ್ಣಮಟ್ಟ 1 ಮುಟ್ಟಿದರೆ ಟ್ರಿಪ್, ಅಂದರೆ ಮೋಟಾರಿನ ವಿದ್ಯುತ್ ಕಡಿತ. ಒಂದು ಸುತ್ತಿನ (ಸಮೀಕರಣಗಳು ಒಮ್ಮೆ ಓಡುವ) ಅವಧಿಯನ್ನು ಮೋಟಾರಿನ ಕಾಲ ಸ್ಥಿರಾಂಕದಿಂದ (ಮೋಟಾರ್ ಎಷ್ಟು ನಿಧಾನವಾಗಿ ಬಿಸಿಯಾಗುತ್ತದೆ ಎಂದು ಹೇಳುವ ಅವಧಿ) ಭಾಗಿಸಿದರೆ ಸಿಗುವುದೇ ಗುಣಕ.

ಈ ವಾರ ಹೆಚ್ಚು ಹೊತ್ತು ಹಿಡಿದದ್ದು ಆ ಗುಣಕವೇ. ಸಮೀಕರಣಗಳು ಪರ್ಯಾಯ ವಿದ್ಯುತ್ತಿನ ಪ್ರತಿ ಸೈಕಲ್‌ಗೆ 8 ಬಾರಿ ಓಡಿದರೆ, 50 ಹರ್ಟ್ಜ್‌ನಲ್ಲಿ ಒಂದು ಸುತ್ತಿಗೆ 2.5 ಮಿಲಿಸೆಕೆಂಡ್. ಕಾಲ ಸ್ಥಿರಾಂಕ 60 ನಿಮಿಷವಾದರೆ ಗುಣಕ ಕೋಟಿಯಲ್ಲಿ ಸುಮಾರು 7 ಭಾಗ ಮಾತ್ರ. ಗಣಿತ ಚರಗಳು 32 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳು, ಅಂದರೆ ಸೀಮಿತ ಅಂಕಿಗಳನ್ನಷ್ಟೇ ಹಿಡಿಯಬಲ್ಲ ದಶಮಾಂಶ ಸಂಖ್ಯೆಗಳು. 0.5ರಿಂದ 1ರ ನಡುವೆ ಅಂಥ ಎರಡು ನೆರೆಯ ಸಂಖ್ಯೆಗಳ ಅಂತರ ಕೋಟಿಯಲ್ಲಿ 0.6 ಭಾಗ. ಕೂಡಿಸುವ ಮೊತ್ತ ಇದರ ಅರ್ಧಕ್ಕಿಂತ ಕಡಿಮೆಯಾದರೆ ಹತ್ತಿರದ ಸಂಖ್ಯೆಗೆ ದುಂಡಾಗಿಸುವಾಗ ಅಳಿಸಿಹೋಗುತ್ತದೆ. ಅಂದರೆ ಪ್ರವಾಹದ ವರ್ಗಕ್ಕೂ ಉಷ್ಣಮಟ್ಟಕ್ಕೂ ವ್ಯತ್ಯಾಸ 0.043ಕ್ಕೆ ಇಳಿದೊಡನೆ ಲೆಕ್ಕ ಅಲ್ಲಿಯೇ ನಿಲ್ಲುತ್ತದೆ.

ಇದು ಕಾಗದದ ಮೇಲಿನ ಆತಂಕವಲ್ಲ. ಪ್ರವಾಹ 1.02 ಎಂದಿಟ್ಟುಕೊಳ್ಳಿ, ವರ್ಗ 1.0404. ಮೋಟಾರ್ ಅದಕ್ಕೂ ಮೊದಲು 0.8 ಪ್ರವಾಹದಲ್ಲಿ ಸ್ಥಿರವಾಗಿ ಓಡುತ್ತಿದ್ದರೆ ಸುಮಾರು 138 ನಿಮಿಷಕ್ಕೆ ಟ್ರಿಪ್ ಬರಬೇಕು. ವೇಗದ ಸುತ್ತಿನ ಸಮೀಕರಣವನ್ನೂ ಸೆಕೆಂಡಿಗೊಮ್ಮೆ ಓಡುವ ಸಮೀಕರಣವನ್ನೂ ಅಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿದೆ. ಅಳತೆಯ ಏರಿಳಿತ ಅಡ್ಡಬಾರದೆಂದು ಪ್ರವಾಹದ ಜಾಗದಲ್ಲಿ ಸ್ಥಿರ ಸಂಖ್ಯೆಯನ್ನೇ ಕೊಟ್ಟಿದ್ದೆ. ವೇಗದ್ದು 0.9975ರ ಬಳಿ ನಿಂತುಬಿಟ್ಟಿತು. ಎಷ್ಟು ಹೊತ್ತು ಕಾದರೂ ಟ್ರಿಪ್ ಇಲ್ಲ. ಸೆಕೆಂಡಿನದು ಹೇಳಿದ ಹೊತ್ತಿಗೆ 1 ದಾಟಿತು. ರಕ್ಷಣೆಯ ಕೆಲಸದಲ್ಲಿ ಇದಕ್ಕಿಂತ ಗಂಭೀರವಾದ ವ್ಯತ್ಯಾಸ ನನಗೆ ತೋಚುವುದಿಲ್ಲ. ಪರದೆಯ ಮೇಲೆ ಎರಡೂ ಅಂಕಿಗಳು ಬಹು ಹೊತ್ತು ಒಂದೇ ರೀತಿ ಕಾಣುತ್ತವೆ ಎಂಬುದೇ ಇದನ್ನು ಇನ್ನಷ್ಟು ಅಪಾಯಕಾರಿಯಾಗಿಸುತ್ತದೆ.

ಗುಣಕವನ್ನು ಘಾತೀಯ ಫಂಕ್ಷನ್‌ನಿಂದ ನಿಖರವಾಗಿ (1 − e^(−ಸುತ್ತಿನ ಅವಧಿ ÷ ಕಾಲ ಸ್ಥಿರಾಂಕ) ಎಂದು) ಪಡೆಯೋಣ ಎಂದರೆ ವೇಗದ ಸುತ್ತಿನಲ್ಲಿ ಅದೂ ಕೈಕೊಡುತ್ತದೆ. 1ರಿಂದ 1ಕ್ಕೆ ತೀರ ಹತ್ತಿರದ ಸಂಖ್ಯೆಯನ್ನು ಕಳೆಯುವಾಗ ಅಂಕಿಗಳು ಉದುರಿ, ಕೋಟಿಯಲ್ಲಿ 6.94 ಭಾಗವಿರಬೇಕಾದದ್ದು 7.15 ಆಗುತ್ತದೆ. ನೇರ ಭಾಗಾಕಾರವೇ ಇಲ್ಲಿ ವಾಸಿ.

ಇನ್ನೊಂದು ಭಾಗ, ಟ್ರಿಪ್‌ಗೆ ಉಳಿದ ಸಮಯ ತೋರಿಸುವುದು. ಪ್ರವಾಹದ ವರ್ಗದಿಂದ ಉಷ್ಣಮಟ್ಟವನ್ನು ಕಳೆದು, ಅದನ್ನು ಪ್ರವಾಹದ ವರ್ಗದಿಂದ 1 ಕಳೆದ ಮೊತ್ತದಿಂದ ಭಾಗಿಸಿ, ಸ್ವಾಭಾವಿಕ ಲಾಗರಿದಮ್ ತೆಗೆದು, ಕಾಲ ಸ್ಥಿರಾಂಕದಿಂದ ಗುಣಿಸಬೇಕು. ಪ್ರವಾಹ 1.5, ಉಷ್ಣಮಟ್ಟ 0.5 ಇದ್ದಾಗ ಸುಮಾರು 20 ನಿಮಿಷ ಬರುತ್ತದೆ. ಆದರೆ ಪ್ರವಾಹ ಸರಿಯಾಗಿ 1 ಆದಾಗ ಸೊನ್ನೆಯಿಂದ ಭಾಗಾಕಾರ, ಕಡಿಮೆಯಾದಾಗ ಋಣ ಸಂಖ್ಯೆಯ ಲಾಗರಿದಮ್ ಬರಬಹುದು. ಷರತ್ತಿನ ವಾಕ್ಯ ಬರೆಯಲು ಇಲ್ಲಿ ಅವಕಾಶವಿಲ್ಲ. ಹೋಲಿಕೆಯ ಫಲವಾದ 0 ಅಥವಾ 1ನ್ನು ಗುಣಿಸಿಯೇ ಆಯ್ಕೆ ಮಾಡಿಕೊಳ್ಳಬೇಕು. ಅಂತಿಮ ಉತ್ತರವನ್ನು ಮಾತ್ರ ಹೀಗೆ ಗುಣಿಸಿದರೆ ಸಾಲದು, ಏಕೆಂದರೆ ಲಾಗರಿದಮ್ ಅಷ್ಟರಲ್ಲಿ ಲೆಕ್ಕಕ್ಕೆ ಬಂದಿರುತ್ತದೆ. ಓವರ್‌ಲೋಡ್ ಇಲ್ಲದಾಗ ಅಂಶ, ಛೇದ ಎರಡೂ 1 ಆಗುವಂತೆ ಲಾಗರಿದಮ್‌ಗೂ ಮುಂಚಿನ ಸಾಲುಗಳಲ್ಲೇ ಕಟ್ಟಿದ್ದೇನೆ. ಸಾಲುಗಳು ಮೇಲಿನಿಂದ ಕೆಳಕ್ಕೆ ಓಡುವುದರಿಂದ ಈ ಕ್ರಮ ತಪ್ಪಬಾರದು.

ಇನ್ನು ಬಾಕಿ ಇರುವುದು ವಿದ್ಯುತ್ ಹೋಗಿ ಬಂದಾಗಿನ ಆರಂಭಿಕ ಮೌಲ್ಯ. ಸೊನ್ನೆಯಿಂದ ಶುರುವಾದರೆ ಬಿಸಿ ಮೋಟಾರನ್ನು ತಣ್ಣಗಿದೆಯೆಂದು ರಿಲೇ ನಂಬುತ್ತದೆ. ಸದ್ಯಕ್ಕೆ 0.9ರಿಂದ ಶುರುಮಾಡಿಸಿ, ಮೊದಲ ಸ್ಟಾರ್ಟ್‌ಗೆ ಎಷ್ಟು ಅಡ್ಡಿಯಾಗುತ್ತದೆ ಎಂದು ಅಳೆಯಲಿದ್ದೇನೆ.