ಅವ್ವನ ಬೆರಳು, ಹಾಯ್ಕ್ ಊರಿನ ಉಣ್ಣೆ

ಎಡಿನ್‌ಬರೋ
ಭಾನುವಾರ, 2 ನವೆಂಬರ್ 2025

ನಿನ್ನೆ ಅವ್ವನನ್ನು ಕರೆದುಕೊಂಡು ಸ್ಕಾಟ್ಲೆಂಡಿನ ಹೆಣಿಗೆಯ ಊರು ಹಾಯ್ಕ್‌ಗೆ ಹೋಗಿ ಬಂದೆ. ಇಲ್ಲಿಂದ ಎಕ್ಸ್95 ಬಸ್ಸಿನಲ್ಲಿ ಸುಮಾರು ಎರಡು ಗಂಟೆ. ದಾರಿಯುದ್ದಕ್ಕೂ ಗುಡ್ಡ, ಗುಡ್ಡದ ತುಂಬ ಕುರಿ. ಅವ್ವ ಕಿಟಕಿಗೆ ಹಣೆ ಹಚ್ಚಿಕೊಂಡೇ ಕೂತಿದ್ದಳು.

"ಎಲ್ಲಾ ಬಿಳೀವೇ ಅವೆಯಲ್ಲವ್ವ" ಅಂದಳು.

ನಮ್ಮ ಚಳ್ಳಕೆರೆ ಕಡೆ ಕರಿ ಕುರಿಯ ಕಂಬಳಿಗೇ ಬೆಲೆ ಜಾಸ್ತಿ. ಅವ್ವನ ತವರಿನಲ್ಲಿ ಹೆಂಗಸರು ನೂಲುತ್ತಿದ್ದರು, ಗಂಡಸರು ಮಗ್ಗದಲ್ಲಿ ಕೂರುತ್ತಿದ್ದರು. ನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುವ ಕೆಲಸ ಅವ್ವನದು. ಸ್ವೆಟರ್ ಕೊಡಿಸುತ್ತೇನೆ ಅಂತ ಹೊರಟವಳು ನಾನು. ಆದರೆ ಉಣ್ಣೆ ನೋಡಲು ನನಗೆ ಬರುವುದಕ್ಕಿಂತ ಚೆನ್ನಾಗಿ ಅವಳಿಗೆ ಬರುತ್ತದೆ ಎಂಬುದು ಅಂಗಡಿಯಲ್ಲಿ ಗೊತ್ತಾಯಿತು.

ಹಾಯ್ಕ್ ಚಿಕ್ಕ ಊರು. 1771ರಲ್ಲಿ ಜಾನ್ ಹಾರ್ಡಿ ಎಂಬಾತ ಕಾಲುಚೀಲ ಹೆಣೆಯುವ ನಾಲ್ಕು ಯಂತ್ರಗಳನ್ನು ಇಲ್ಲಿಗೆ ತಂದ. ಅಂದು ಶುರುವಾದ ಹೆಣಿಗೆ ಇಂದಿಗೂ ನಿಂತಿಲ್ಲ. ಊರೊಳಗೆ ಹರಿಯುವ ಟೀವಿಯಟ್ ಹೊಳೆಯ ನೀರು ಮೆದು, ಗಡಸು ನೀರಲ್ಲ. ಉಣ್ಣೆ ತೊಳೆಯಲು ಅಂಥ ನೀರೇ ಬೇಕು.

ಅಂಗಡಿಯಲ್ಲಿ ನಾನು ಸೀದಾ ಕ್ಯಾಶ್‌ಮಿಯರ್ ಇದ್ದ ಕಡೆ ಹೋದೆ. ಅದು ಆಡಿನದು. ಹೊರಗಿನ ಒರಟು ಕೂದಲಿನ ಕೆಳಗೆ ಚಳಿಗೆಂದು ಬೆಳೆಯುವ ನವಿರು ತುಪ್ಪಳ. ಒಂದು ಆಡಿನಿಂದ ವರ್ಷಕ್ಕೆ ಸಿಗುವುದು ಒಂದು ಸ್ವೆಟರಿಗೂ ಸಾಲುವುದಿಲ್ಲ. ಅದಕ್ಕೇ ಆ ಬೆಲೆ. ಕಡಿಮೆ ಬೆಲೆಯದೊಂದು ತುಂಬಾ ಮೆತ್ತಗಿತ್ತು. ಅವ್ವ ಅದನ್ನು ಎರಡು ಬೆರಳಲ್ಲಿ ಹಿಡಿದು ನಾಲ್ಕು ಸಲ ಉಜ್ಜಿದಳು. ಬೆರಳನ್ನು ಬೆಳಕಿಗೆ ಹಿಡಿದಳು. ಎಳೆ ಎಳೆ ಧೂಳಿನಂತೆ ಅಂಟಿಕೊಂಡಿತ್ತು.

"ಗಿಡ್ಡ ಕೂದಲು ಕಣವ್ವ. ಎದ್ದು ಬರ್ತೈತೆ."

ಸರಿಯಾಗೇ ಹೇಳಿದಳು. ಎಳೆ ಗಿಡ್ಡವಿದ್ದಷ್ಟೂ ಮೇಲೆದ್ದು ಉಂಡೆ ಕಟ್ಟುವುದು ಜಾಸ್ತಿ. ಅಂಗಡಿಯಲ್ಲೇ ಬೆಣ್ಣೆಯಂತಿರುವ ಸ್ವೆಟರ್ ಬಹಳ ದಿನ ಬಾಳುತ್ತದೆ ಅಂತಲ್ಲ. ಸ್ವಲ್ಪ ಬಿಗಿಯಾಗಿ ಹೆಣೆದದ್ದು, ಎರಡೆಳೆ ಹುರಿ ಮಾಡಿದ ನೂಲಿನದು, ತೊಡುತ್ತ ತೊಡುತ್ತ ಮೆದುವಾಗುವುದೇ ಒಳ್ಳೆಯದು.

ಕೊನೆಗೆ ಅವ್ವ ಆರಿಸಿದ್ದು ಲ್ಯಾಂಬ್ಸ್‌ವುಲ್. ಮರಿಯ ಮೈಯಿಂದ ಮೊದಲ ಸಲ ಕತ್ತರಿಸಿದ ಉಣ್ಣೆ. ಅದನ್ನು ಅಂಗೈಯಲ್ಲಿ ನೋಡಲಿಲ್ಲ, ಕುತ್ತಿಗೆಗೆ ಒತ್ತಿಕೊಂಡಳು. ಅಂಗೈ ದಪ್ಪ ಚರ್ಮ, ಚುಚ್ಚಿದರೂ ತಿಳಿಯುವುದಿಲ್ಲ. ಆಮೇಲೆ ತೋಳಿನ ಅಂಚನ್ನು ಹಿಗ್ಗಿಸಿ ಬಿಟ್ಟಳು. ಥಟ್ಟನೆ ಹಿಂದಕ್ಕೆ ಬಂತು. ನಾನು ಮಾಡಿದ್ದು ಎರಡೇ ಕೆಲಸ. ಲೇಬಲ್ಲಿನಲ್ಲಿ ನೂರಕ್ಕೆ ನೂರು ಉಣ್ಣೆ ಅಂತಿದೆಯಾ ನೋಡಿದೆ. ಕಂಕುಳ ಹತ್ತಿರ ಹೊಲಿಗೆಯ ಪಕ್ಕ ಸಾಲಾಗಿ ಸಣ್ಣ ಗುರುತುಗಳಿವೆಯಾ ನೋಡಿದೆ. ಆ ಗುರುತು ಇದ್ದರೆ ಬಟ್ಟೆ ಕತ್ತರಿಸಿ ಹೊಲಿದದ್ದಲ್ಲ, ಆಕಾರಕ್ಕೆ ತಕ್ಕಂತೆ ಹೆಣಿಗೆಯ ಕಣ್ಣು ಕೂಡಿಸಿ, ಕಳೆದು ಹೆಣೆದದ್ದು ಅಂತ ಅರ್ಥ.

ಇವತ್ತು ತೊಳೆಯುವ ದಿನ. ಹೊಸದಲ್ಲ, ಅವ್ವ ಬಂದಾಗಿನಿಂದ ತೊಡುತ್ತಿರುವ ನನ್ನ ಹಳೇ ನೀಲಿ ಸ್ವೆಟರ್. ಎದೆ ಮೇಲೆ ಸಾರಿನ ಕಲೆ. ಅವ್ವ ಬ್ರಷ್ ಹುಡುಕುತ್ತಿದ್ದಳು. ನಾನು ತಡೆದೆ. ಬೀರು ತೆರೆದು ನಾಲ್ಕು ವರ್ಷದ ಹಿಂದಿನ ನನ್ನ ಮೆರಿನೊ ಕುರಿಯ ನವಿರು ಉಣ್ಣೆಯ ಸ್ವೆಟರ್ ತೋರಿಸಿದೆ. ಮೊದಲ ಚಳಿಗಾಲದಲ್ಲಿ ಎಲ್ಲ ಬಟ್ಟೆಯ ಜೊತೆ ಮೆಷಿನ್ನಿಗೆ ಹಾಕಿದ್ದೆ. ಐದು ವರ್ಷದ ಮಗುವಿಗಾಗುವಷ್ಟು ಕುಗ್ಗಿ ಹೊರಗೆ ಬಂತು. ಆವತ್ತು ಅತ್ತಿದ್ದೆ. ನನ್ನ ಮೊದಲ ಸಂಬಳದ ಸ್ವೆಟರ್ ಅದು.

ಅವ್ವ ಅದನ್ನು ಬಹಳ ಹೊತ್ತು ಹಿಡಿದುಕೊಂಡಳು. "ಜಡೆಗಟ್ಟೈತೆ" ಅಂದಳು.

ಅದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿರಲಿಲ್ಲ. ಉಣ್ಣೆಯ ಪ್ರತಿ ಎಳೆಯ ಮೇಲೂ ಹಂಚು ಹೊದಿಸಿದಂಥ ಪದರಗಳಿರುತ್ತವೆ. ಒದ್ದೆಯಲ್ಲಿ, ಬಿಸಿಯಲ್ಲಿ, ತಿಕ್ಕಾಟದಲ್ಲಿ ಅವು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಮತ್ತೆ ಬಿಡುವುದಿಲ್ಲ. ಅದು ಕೂದಲೇ ಅಲ್ವಾ? ತಲೆಗೂದಲನ್ನು ನೋಡಿಕೊಂಡ ಹಾಗೇ ನೋಡಿಕೊಳ್ಳಬೇಕು.

ಬಕೆಟ್ಟಿಗೆ ಉಗುರುಬೆಚ್ಚಗಿನ ನೀರು, ಉಣ್ಣೆಗೆಂದೇ ಇರುವ ದ್ರವ ಸೋಪು ಒಂದು ಮುಚ್ಚಳ. ಮಾಮೂಲಿ ಪುಡಿಯಲ್ಲಿ ಪ್ರೋಟೀನಿನ ಕಲೆ ತೆಗೆಯುವ ಎಂಜೈಮು ಇದ್ದರೆ ಅದು ಉಣ್ಣೆಯನ್ನೂ ತಿನ್ನುತ್ತದೆ. ಉಣ್ಣೆಯೂ ಪ್ರೋಟೀನೇ ಅಲ್ಲವೇ. ಬ್ಲೀಚ್ ಅಂತೂ ಹತ್ತಿರ ಬರಬಾರದು. ಸ್ವೆಟರನ್ನು ಒಳಮೈ ಹೊರಗೆ ಮಾಡಿ ಅದುಮಿ ಬಿಟ್ಟೆ. ಹತ್ತು ನಿಮಿಷ. ಜಾಲಿಸುವ ನೀರೂ ಅಷ್ಟೇ ಬೆಚ್ಚಗಿರಲಿ ಅಂತ ಅವ್ವ ಮೊಣಕೈ ಅದ್ದಿ ನೋಡಿದಳು. ನಮ್ಮನ್ನು ಮೀಯಿಸುವಾಗ ಹಾಗೇ ನೋಡುತ್ತಿದ್ದಳು.

ಹಿಂಡಲಿಲ್ಲ. ಎರಡೂ ಕೈ ಕೆಳಗೆ ಕೊಟ್ಟು ಎತ್ತಿದೆವು, ಟವೆಲ್ಲಿನಲ್ಲಿ ಚಾಪೆ ಸುತ್ತಿದಂತೆ ಸುತ್ತಿ ಒತ್ತಿದೆವು. ನೇತು ಹಾಕಿದರೆ ನೀರಿನ ಭಾರಕ್ಕೆ ಜೋಲುತ್ತದೆ. ಅದಕ್ಕೇ ನೆಲದ ಮೇಲೆ ಒಣ ಟವೆಲ್ ಹಾಸಿ, ತೋಳು ಸರಿ ಮಾಡಿ ಮಲಗಿಸಿದ್ದೇವೆ. ಹೀಟರಿನಿಂದ ದೂರ.

ಹೊಸ ಸ್ವೆಟರಿನ ಚಿಂತೆ ಬೇರೆ. ಚಳ್ಳಕೆರೆಯಲ್ಲಿ ಅದನ್ನು ತೊಡುವುದು ಡಿಸೆಂಬರ್, ಜನವರಿಯ ಬೆಳಗ್ಗೆ ಮಾತ್ರ. ಉಳಿದ ಹತ್ತು ತಿಂಗಳು ಟ್ರಂಕಿನಲ್ಲಿ. ಬಟ್ಟೆ ತಿನ್ನುವುದು ಹಾರಾಡುವ ನುಸಿಯಲ್ಲ, ಅದರ ಮರಿಹುಳು. ಬೆವರು, ಎಣ್ಣೆ, ಊಟದ ಕಲೆ ಇರುವ ಕಡೆಯೇ ಅದು ಹೆಚ್ಚು ಮೇಯುತ್ತದೆ. ಹಾಗಾಗಿ ನುಸಿಗುಳಿಗೆ ಇಟ್ಟರೆ ಸಾಲದು, ಚೆನ್ನಾಗಿ ತೊಳೆದೇ ಇಡಬೇಕು. ಬಿಗಿಯಾಗಿ ಮುಚ್ಚುವ ಚೀಲ ಕೊಟ್ಟಿದ್ದೇನೆ.

"ನಾವು ಕಂಬಳೀನ ಬಿಸಿಲಿಗೆ ಹಾಕಿ ಕೊಡವ್ತಿದ್ವಿ" ಅಂದಳು ಅವ್ವ. ಅದೂ ಸರಿಯೇ. ಹುಳು ಬೆಳಕು ಕಂಡರೆ ಓಡುತ್ತದೆ, ಕೊಡವಿದರೆ ಉದುರುತ್ತದೆ. ಬಣ್ಣ ಹೋಗದ ಹಾಗೆ ತುಸು ಹೊತ್ತು ಸಾಕು ಅಂದೆ.

ನಾಲ್ಕೂವರೆಗೇ ಹೊತ್ತು ಮುಳುಗಿತು. ಈಗ ರಾತ್ರಿ ಹತ್ತು. ಅವ್ವ ಮಲಗುವ ಮುಂಚೆ ಬಗ್ಗಿ ತೋಳಿನ ಅಂಚು ಮುಟ್ಟಿ ನೋಡಿದಳು.

"ಇನ್ನಾ ತಣ್ಣಗೈತೆ. ಬೆಳಗ್ಗೆ ಮಗ್ಗುಲು ಬದಲಿಸು."